ಕಾಂಪ್ಲಿಮೆಂಟ್: ಉಳಿದದ್ದೆಷ್ಟು, ಖರ್ಚಾದದ್ದೆಷ್ಟು?

ಒಂದು ಇಲಿಗೆ ಲ್ಯಾಬಿನಲ್ಲಿ ಸೆಪ್ಸಿಸ್ (ಸೋಂಕಿಗೆ ದೇಹ ಹದ ತಪ್ಪಿ ಪ್ರತಿಕ್ರಿಯಿಸಿ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುವ ಸ್ಥಿತಿ) ಬರಿಸಿದ್ದಾರೆ ಅಂದುಕೊಳ್ಳಿ. ಕೆಲವು ಗಂಟೆ ಬಿಟ್ಟು ಅದರ ರಕ್ತ ತೆಗೆದು, ರೋಗಾಣುಗಳ ಮೇಲೆ ಬೀಳುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನ್ ಗುಂಪಿನ ಚಟುವಟಿಕೆ ಅಳೆದರು. ಆರೋಗ್ಯವಾಗಿರುವ ಇಲಿಗೆ ಹೋಲಿಸಿದರೆ ಅರ್ಧದಷ್ಟೇ ಬಂತು. ಕಾಂಪ್ಲಿಮೆಂಟ್ ಮಂಕಾಗಿದೆ, ಅದಕ್ಕೆ ಸ್ವಲ್ಪ ಚುರುಕು ಮುಟ್ಟಿಸಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಆದರೆ ನಡೆದಿರುವುದು ಬಹುಶಃ ಪೂರ್ತಿ ಉಲ್ಟಾ. ಅದು ಮೈಮೇಲೆ ಬಂದವರಂತೆ ಕೆಲಸ ಮಾಡಿ, ಇದ್ದಬದ್ದ ಪ್ರೋಟೀನನ್ನೆಲ್ಲ ಮುಗಿಸಿಕೊಂಡಿದೆ. ಈಗ ಟ್ಯೂಬಿನಲ್ಲಿ ಕಾಣುತ್ತಿರುವುದು ಅಳಿದುಳಿದದ್ದು ಮಾತ್ರ.

ಗಾಯ ಮತ್ತು ಸೆಪ್ಸಿಸ್‌ನ ಸಂಶೋಧನೆಯಲ್ಲಿ ಕಾಂಪ್ಲಿಮೆಂಟ್ ಅಳೆಯುವವರ ದೊಡ್ಡ ತಲೆನೋವು ಇದೇ. ಸಂಖ್ಯೆ ಬರುತ್ತದೆ, ಗ್ರಾಫೂ ಬರುತ್ತದೆ. ಅದು ಹೇಳುತ್ತಿರುವುದು ಏನು ಅಂತ ತಿಳಿಯಬೇಕಾದರೆ ಯಾವ ಪರೀಕ್ಷೆ, ಯಾವ ಪ್ರಾಣಿ, ಎಷ್ಟು ಗಂಟೆಗೆ ತೆಗೆದ ರಕ್ತ, ಯಾವ ಟ್ಯೂಬು ಅನ್ನುವುದೆಲ್ಲ ಗೊತ್ತಿರಬೇಕು.

ಮೊದಲು ಕಾಂಪ್ಲಿಮೆಂಟ್ ಅಂದರೆ ಏನು ಅಂತ ನೋಡಿಬಿಡೋಣ. ನಮ್ಮ ರಕ್ತದಲ್ಲಿ ಮತ್ತು ಜೀವಕೋಶಗಳ ಮೇಲ್ಮೈಯಲ್ಲಿ ಸೇರಿ 30ಕ್ಕೂ ಹೆಚ್ಚು ಪ್ರೋಟೀನ್‌ಗಳ ಒಂದು ಗುಂಪಿದೆ. ರಕ್ತದಲ್ಲಿರುವ ಹೆಚ್ಚಿನವನ್ನು ತಯಾರಿಸುವುದು ಲಿವರ್. ಸುಮ್ನೆ ತೇಲಿಕೊಂಡಿರುವ ಇವು ಬ್ಯಾಕ್ಟೀರಿಯಾ, ಸತ್ತ ಜೀವಕೋಶ ಅಥವಾ ಪ್ರತಿಕಾಯ ಅಂಟಿದ ಯಾವುದಾದರೂ ವಸ್ತು ಸಿಕ್ಕ ಕೂಡಲೇ ಒಂದನ್ನೊಂದು ಕತ್ತರಿಸುತ್ತ ಎಚ್ಚರಗೊಳ್ಳುತ್ತವೆ. ಈ ಸರಣಿ ಶುರುವಾಗಲು ಮೂರು ದಾರಿಗಳಿವೆ: ಕ್ಲಾಸಿಕಲ್, ಲೆಕ್ಟಿನ್, ಆಲ್ಟರ್ನೇಟಿವ್. ಮೂರೂ ಬಂದು ಕೂಡುವುದು ಸಿ3 ಎಂಬ ಪ್ರೋಟೀನಿನ ಹತ್ತಿರ. ಮನುಷ್ಯರ ರಕ್ತದಲ್ಲಿ ಇದು ಲೀಟರಿಗೆ ಸುಮಾರು 1 ಗ್ರಾಂನಷ್ಟಿರುತ್ತದೆ, ಕಾಂಪ್ಲಿಮೆಂಟ್ ಪ್ರೋಟೀನ್‌ಗಳಲ್ಲೇ ಜಾಸ್ತಿ. ಸಿ3 ಒಡೆದಾಗ ಸಿ3ಎ ಎಂಬ ಸಣ್ಣ ಚೂರು ಮತ್ತು ಸಿ3ಬಿ ಎಂಬ ದೊಡ್ಡ ಚೂರು ಆಗುತ್ತವೆ. ಸಿ3ಬಿ ಬ್ಯಾಕ್ಟೀರಿಯಾದ ಮೇಲೆ ಅಂಟಿಕೊಂಡು, ಅದನ್ನು ನುಂಗುವ ಬಿಳಿ ರಕ್ತಕಣಗಳಿಗೆ ಗುರುತು ತೋರಿಸುತ್ತದೆ. ಮುಂದೆ ಸಿ5 ಒಡೆಯುತ್ತದೆ. ಅದರ ಸಣ್ಣ ಚೂರು ಸಿ5ಎ, ಉರಿಯೂತವನ್ನು ಭುಗಿಲೆಬ್ಬಿಸುವುದರಲ್ಲಿ ಎಲ್ಲಕ್ಕಿಂತ ಜೋರು. ದೊಡ್ಡ ಚೂರು ಸಿ5ಬಿ, ಸಿ6ರಿಂದ ಸಿ9ರವರೆಗಿನ ಪ್ರೋಟೀನ್‌ಗಳ ಜೊತೆ ಸೇರಿ ಶತ್ರುಕೋಶದ ಪೊರೆಯಲ್ಲಿ ತೂತು ಕೊರೆಯುತ್ತದೆ. ಈ ಕೊನೆಯ ಜೋಡಣೆಗೆ ಸಿ5ಬಿ-9 ಅನ್ನುತ್ತಾರೆ.

ಸೆಪ್ಸಿಸ್‌ನಲ್ಲಿ ಇದೇ ವ್ಯವಸ್ಥೆ ಹದ ತಪ್ಪುತ್ತದೆ. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಬಂದು, 1.1 ಕೋಟಿ ಜನ ಸತ್ತರು ಅನ್ನುವುದು ಒಂದು ದೊಡ್ಡ ಅಂದಾಜು. ರಸ್ತೆ ಅಪಘಾತದಂಥ ಭಾರೀ ಗಾಯದಲ್ಲೂ ಕಥೆ ಹೆಚ್ಚು ಬೇರೆಯಲ್ಲ. ಅಲ್ಲಿ ಬ್ಯಾಕ್ಟೀರಿಯಾ ಇರಲೇಬೇಕೆಂದಿಲ್ಲ. ನುಜ್ಜುಗುಜ್ಜಾದ ಅಂಗಾಂಶವೇ ಸಾಕು ಕಾಂಪ್ಲಿಮೆಂಟ್ ಎಬ್ಬಿಸಲು.

ಇನ್ನು ಅಳತೆಗೆ ಬರೋಣ. ದೀಪಾವಳಿಯ ರಾತ್ರಿ ಪಕ್ಕದ ಮನೆಯವರು ಎಷ್ಟು ಪಟಾಕಿ ಹೊಡೆದರು ಅಂತ ಬೆಳಗ್ಗೆ ಎದ್ದು ಲೆಕ್ಕ ಹಾಕಬೇಕು. ಎರಡು ದಾರಿ ಇದೆ. ಡಬ್ಬಿಯಲ್ಲಿ ಎಷ್ಟು ಉಳಿದಿದೆ ಅಂತ ನೋಡುವುದು, ಅಥವಾ ಬೀದಿಯಲ್ಲಿ ಬಿದ್ದ ಕಾಗದದ ಚೂರು ಎಣಿಸುವುದು. ಡಬ್ಬಿ ಖಾಲಿಯಿದ್ದರೆ ಹೊಡೆದಿರಬಹುದು, ಮೊದಲೇ ಕಡಿಮೆ ತಂದಿರಲೂಬಹುದು. ಬೀದಿ ಸ್ವಚ್ಛವಾಗಿದ್ದರೆ ಹೊಡೆದಿಲ್ಲದಿರಬಹುದು, ಪೌರಕಾರ್ಮಿಕರು ಆಗಲೇ ಗುಡಿಸಿರಲೂಬಹುದು. ಎರಡನ್ನೂ ಸೇರಿಸಿ ನೋಡಿದಾಗಲೇ ಲೆಕ್ಕ ಕೂಡುವುದು. ಕಾಂಪ್ಲಿಮೆಂಟ್‌ನಲ್ಲಿ ಡಬ್ಬಿ ನೋಡುವ ಪರೀಕ್ಷೆಯ ಹೆಸರು ಸಿಎಚ್50. ಚೂರು ಎಣಿಸುವುದೆಂದರೆ ಸಿ3ಎ, ಸಿ5ಎ, ಸಿ5ಬಿ-9 ಅಳೆಯುವುದು.

ಕುರಿಯ ರಕ್ತ, ಮೊಲದ ಪ್ರತಿಕಾಯ

ಸಿಎಚ್50 ಹಳೇ ಪರೀಕ್ಷೆ. ಅದರ ಬೇರು 1898ರಷ್ಟು ಹಿಂದಕ್ಕೆ ಹೋಗುತ್ತದೆ. ಕೆಂಪು ರಕ್ತಕಣಗಳನ್ನು ಒಡೆಯಲು ಪ್ರತಿಕಾಯವೊಂದೇ ಸಾಲದು, ತಾಜಾ ಸೀರಮ್‌ನಲ್ಲಿರುವ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ), ಬಿಸಿ ಮಾಡಿದರೆ ಕೆಡುವ ಇನ್ನೊಂದು ಅಂಶವೂ ಬೇಕು ಅಂತ ಬೆಲ್ಜಿಯಂನ ಜೂಲ್ಸ್ ಬೋರ್ಡೆ ಆಗ ತೋರಿಸಿದರು. 1919ರ ನೊಬೆಲ್ ಅವರಿಗೆ ಬಂತು. ಸೀರಮನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಕಾಂಪ್ಲಿಮೆಂಟ್ ಕೆಲಸ ನಿಲ್ಲಿಸುತ್ತದೆ ಅನ್ನುವುದು ಇವತ್ತಿಗೂ ಎಲ್ಲ ಲ್ಯಾಬಿನವರ ನಿತ್ಯದ ಬಳಕೆ.

ಪರೀಕ್ಷೆ ಹೀಗೆ ನಡೆಯುತ್ತದೆ. ಕುರಿಯ ಕೆಂಪು ರಕ್ತಕಣಗಳನ್ನು ಚೆನ್ನಾಗಿ ತೊಳೆದುಕೊಳ್ಳುತ್ತಾರೆ. ಕುರಿಯ ಕಣಗಳ ವಿರುದ್ಧ ಮೊಲದಲ್ಲಿ ತಯಾರಿಸಿದ ಪ್ರತಿಕಾಯವನ್ನು ಅವಕ್ಕೆ ಅಂಟಿಸುತ್ತಾರೆ. ಈಗ ಕಣಗಳು ಕಾಂಪ್ಲಿಮೆಂಟ್‌ಗೆ ಗುರಿಯಾಗಿ ಸಿದ್ಧ. ಪರೀಕ್ಷಿಸಬೇಕಾದ ಸೀರಮನ್ನು 1:20, 1:40, 1:80, 1:160 ಹೀಗೆ ತೆಳು ಮಾಡುತ್ತ ಹೋಗಿ, ಒಂದೊಂದು ಟ್ಯೂಬಿಗೂ ಅಷ್ಟೇ ಕಣ ಹಾಕುತ್ತಾರೆ. ತೆಳು ಮಾಡಲು ಬಳಸುವ ಬಫರ್ ದ್ರಾವಣದಲ್ಲಿ ಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರಲೇಬೇಕು. ಅವಿಲ್ಲದೆ ಕ್ಲಾಸಿಕಲ್ ದಾರಿ ಶುರುವಾಗುವುದೇ ಇಲ್ಲ. 37 ಡಿಗ್ರಿಯ ನೀರಿನಲ್ಲಿ ಇಟ್ಟು, ಆಮೇಲೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತಾರೆ. ಒಡೆಯದ ಕಣಗಳು ತಳದಲ್ಲಿ ಕೆಂಪು ಗುಂಡಿಯಾಗಿ ಕೂರುತ್ತವೆ. ಒಡೆದವುಗಳ ಹಿಮೋಗ್ಲೋಬಿನ್ ಮೇಲಿನ ತಿಳಿಯಲ್ಲಿ ಸೇರುತ್ತದೆ. ಸಾಲಾಗಿ ಇಟ್ಟ ಟ್ಯೂಬುಗಳನ್ನು ಬರಿಗಣ್ಣಲ್ಲಿ ನೋಡಿದರೂ ಗೊತ್ತಾಗುತ್ತದೆ: ಈ ತುದಿಯಲ್ಲಿ ತಿಳಿ ದಾಳಿಂಬೆ ಕೆಂಪು, ಆ ತುದಿಯಲ್ಲಿ ಬರೀ ನೀರು.

ಆ ಕೆಂಪನ್ನು 540 ನ್ಯಾನೋಮೀಟರಿನ ಆಸುಪಾಸಿನ ಬೆಳಕಿನಲ್ಲಿ ಅಳೆಯುತ್ತಾರೆ. ಕಣಗಳನ್ನು ನೀರಲ್ಲಿ ಹಾಕಿ ಪೂರ್ತಿ ಒಡೆದ ಟ್ಯೂಬು 0.80 ತೋರಿಸಿತು ಅಂದುಕೊಳ್ಳಿ. ಸೀರಮ್ಮೇ ಇಲ್ಲದ ಟ್ಯೂಬಿನಲ್ಲೂ ಒಂದಷ್ಟು ಕಣ ತಾನಾಗಿ ಒಡೆಯುತ್ತದೆ, ಅದು 0.04. ಒಂದು ಟ್ಯೂಬಿನ ಓದು 0.42 ಬಂದರೆ, 0.38 ಭಾಗಿಸು 0.76, ಅಂದರೆ ಸರಿಯಾಗಿ ಅರ್ಧ ಕಣ ಒಡೆದಿದೆ. ಆ ಟ್ಯೂಬಿನಲ್ಲಿ ಸೀರಮ್ 1:80 ಇದ್ದರೆ ಸಿಎಚ್50 ಬೆಲೆ 80 ಯೂನಿಟ್. ಸಾಮಾನ್ಯವಾಗಿ ಇಷ್ಟು ಕರಾರುವಾಕ್ಕಾಗಿ ಅರ್ಧ ಬರುವುದಿಲ್ಲ. ಎರಡು ಟ್ಯೂಬುಗಳ ನಡುವೆ ಎಲ್ಲೋ ಇರುತ್ತದೆ, ಗೆರೆ ಎಳೆದು ಕಂಡುಹಿಡಿಯಬೇಕು.

ಅರ್ಧವೇ ಯಾಕೆ, 90 ಪರ್ಸೆಂಟ್ ಯಾಕಲ್ಲ? ಸೀರಮ್ ಪ್ರಮಾಣಕ್ಕೂ ಒಡೆದ ಕಣಕ್ಕೂ ಇರುವ ಸಂಬಂಧ ಇಂಗ್ಲಿಷಿನ ಎಸ್ ಆಕಾರದ ಗೆರೆ. ಎರಡೂ ತುದಿಯಲ್ಲಿ ಅದು ಚಪ್ಪಟೆ. ಅಲ್ಲಿ ಸೀರಮ್ ಎಷ್ಟೋ ಬದಲಾದರೂ ಕೆಂಪು ಅಷ್ಟಾಗಿ ಬದಲಾಗುವುದಿಲ್ಲ. ನಡುವೆ ಗೆರೆ ಕಡಿದಾಗಿ ಏರುತ್ತದೆ. ಹಾಗಾಗಿ ಸಣ್ಣ ವ್ಯತ್ಯಾಸವೂ ಅಲ್ಲೇ ಚೆನ್ನಾಗಿ ಕಾಣುವುದು.

ಸಿಎಚ್50 ಮುಖ್ಯವಾಗಿ ಕ್ಲಾಸಿಕಲ್ ದಾರಿಯನ್ನೂ ಕೊನೆಯ ಹಂತವನ್ನೂ ಪರೀಕ್ಷಿಸುತ್ತದೆ. ಆಲ್ಟರ್ನೇಟಿವ್ ದಾರಿಗೆ ಎಎಚ್50 ಎಂಬ ಇದರದ್ದೇ ತಂಗಿ ಪರೀಕ್ಷೆ ಇದೆ. ಅದರಲ್ಲಿ ಮೊಲದ ರಕ್ತಕಣ ಬಳಸಿ, ಕ್ಯಾಲ್ಸಿಯಂ ಕಟ್ಟಿಹಾಕುವ ರಾಸಾಯನಿಕ ಸೇರಿಸುತ್ತಾರೆ. ಮೂರೂ ದಾರಿಯನ್ನು ಬೇರೆ ಬೇರೆಯಾಗಿ ನೋಡಲು, ಪ್ರತಿಕಾಯದ ನೆರವಿನಿಂದ ಅಳೆಯುವ ಎಲೈಸಾ ತಟ್ಟೆಗಳೂ ಬಂದಿವೆ. ಕುರಿಯ ರಕ್ತ ಹುಡುಕುವ ಕೆಲಸ ಇಲ್ಲ, ಆದರೆ ದುಡ್ಡು ಜಾಸ್ತಿ.

ಸಲೈನ್ ಹಾಕಿದ ಇಲಿ

ಈಗ ಗಾಯದ ಮಾದರಿಗೆ ಬನ್ನಿ. ರಕ್ತಸ್ರಾವದ ಮಾದರಿಯಲ್ಲಿ ಪ್ರಾಣಿಯ ರಕ್ತ ತೆಗೆದು, ಬಿಪಿ ಇಳಿಸಿ, ಆಮೇಲೆ ಸಲೈನ್ ಕೊಟ್ಟು ಎಬ್ಬಿಸುತ್ತಾರೆ. ಆಸ್ಪತ್ರೆಯಲ್ಲಿ ಆಗುವುದೂ ಹೀಗೇ ಅಲ್ವಾ? ಆದರೆ ರಕ್ತ ಹೋಗಿ ಸಲೈನ್ ಬಂದರೆ ಎಲ್ಲ ಪ್ರೋಟೀನೂ ತೆಳುವಾಗುತ್ತದೆ. ಕಾಂಪ್ಲಿಮೆಂಟ್ ಒಂದಿಷ್ಟೂ ಕೆಲಸ ಮಾಡದೆಯೇ ಸಿಎಚ್50 ಕೆಳಗೆ ಬಂದಿರುತ್ತದೆ.

ಕಾಲ್ಪನಿಕ ಲೆಕ್ಕವೊಂದನ್ನು ನೋಡಿ. ಗಾಯಕ್ಕೆ ಮೊದಲು ಸಿಎಚ್50 80 ಯೂನಿಟ್, ಒಟ್ಟು ಪ್ರೋಟೀನ್ ಡೆಸಿಲೀಟರಿಗೆ 6 ಗ್ರಾಂ. ಗಾಯದ ನಂತರ ಸಿಎಚ್50 40, ಪ್ರೋಟೀನ್ 3.6. ಅರ್ಧಕ್ಕರ್ಧ ಬಿತ್ತು ಅಂತ ಬರೆದುಬಿಡಬಹುದು. ಆದರೆ ಪ್ರೋಟೀನೇ 60 ಪರ್ಸೆಂಟಿಗೆ ಇಳಿದಿದೆ. ತೆಳುವಾದದ್ದರಿಂದಲೇ ಸಿಎಚ್50 48ಕ್ಕೆ ಬರಬೇಕಿತ್ತು. ಹಾಗಾಗಿ ನಿಜವಾಗಿ ಖರ್ಚಾದದ್ದು ಆ 48ರಲ್ಲಿ 8 ಮಾತ್ರ. 50 ಪರ್ಸೆಂಟ್ ಕುಸಿತ ಅಂದದ್ದು 17 ಪರ್ಸೆಂಟಿನ ಹತ್ತಿರ ಬಂದು ನಿಂತಿತು. ಒಟ್ಟು ಪ್ರೋಟೀನ್ ಅಳೆಯುವುದು ಪುಡಿಗಾಸಿನ ಕೆಲಸ. ಅದನ್ನೂ ಮಾಡದೆ ಗ್ರಾಫ್ ಹಾಕುವ ಪ್ರಬಂಧ ಕಂಡರೆ ನನಗೆ ಅನುಮಾನ ಶುರುವಾಗುತ್ತದೆ.

ಇದಕ್ಕೆ ತದ್ವಿರುದ್ಧ ತೊಡಕೂ ಇದೆ. ಸಿ3, ಉರಿಯೂತ ಬಂದಾಗ ಲಿವರ್ ಜಾಸ್ತಿ ತಯಾರಿಸುವ ಪ್ರೋಟೀನ್‌ಗಳಲ್ಲಿ ಒಂದು. ಗಾಯವಾಗಿ ಒಂದೆರಡು ದಿನ ಕಳೆದರೆ ಹೊಸ ಸರಕು ಬರಲು ಶುರು. ಒಳಗೆ ಇನ್ನೂ ಖರ್ಚು ನಡೆಯುತ್ತಿದ್ದರೂ ಸಿ3 ಮಟ್ಟ ಸರಿಯಾಗಿಯೇ ಕಾಣಬಹುದು. ಲಿವರ್ ಸೋತರೆ ಮತ್ತೆ ಉಲ್ಟಾ: ಖರ್ಚಿಲ್ಲದಿದ್ದರೂ ಕಡಿಮೆ. ಒಂದೇ ಹೊತ್ತಿನ ಒಂದು ಸ್ಯಾಂಪಲ್ಲಿನಿಂದ ಈ ಗಂಟು ಬಿಡಿಸಲಾಗದು.

ಚೂರುಗಳ ಬೆನ್ನು ಹತ್ತಿ

ಹಾಗಾದರೆ ಸಿ5ಎ ಅಳೆದರೆ ಮುಗಿಯಿತಲ್ಲ? ಅಷ್ಟು ಸುಲಭವಿಲ್ಲ. ರಕ್ತದಲ್ಲಿ ಬಿಡುಗಡೆಯಾದ ಸಿ5ಎಯ ತುದಿಯ ಒಂದು ಅಮೈನೋ ಆಮ್ಲವನ್ನು ಕಾರ್ಬಾಕ್ಸಿಪೆಪ್ಟಿಡೇಸ್ ಎಂಬ ಕಿಣ್ವ ನೋಡನೋಡುತ್ತಲೇ ಕತ್ತರಿಸುತ್ತದೆ. ಉಳಿದದ್ದನ್ನು ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳು ತಮ್ಮ ಮೇಲಿನ ಗ್ರಾಹಕ ಎಂಬ ಕೊಂಡಿಯಿಂದ ಹಿಡಿದು ಒಳಕ್ಕೆ ಎಳೆದುಕೊಳ್ಳುತ್ತವೆ. ಎಲ್ಲ ನಿಮಿಷಗಳ ಲೆಕ್ಕ. ಪ್ಲಾಸ್ಮಾದಲ್ಲಿ (ಹೆಪ್ಪುಗಟ್ಟದಂತೆ ತಡೆದ ರಕ್ತದ ತಿಳಿ) ಸಿ5ಎ ಕಡಿಮೆ ಸಿಕ್ಕರೆ, ಅದು ಹುಟ್ಟಲೇ ಇಲ್ಲ ಅಂತ ಹೇಳುವ ಹಾಗಿಲ್ಲ. ಕರಗಿದ ರೂಪದ ಸಿ5ಬಿ-9 ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತದೆ, ಅದಕ್ಕೇ ಬಹಳ ಜನ ಅದನ್ನು ನೆಚ್ಚುತ್ತಾರೆ.

ಇನ್ನೊಂದು ಸೂಕ್ಷ್ಮ. ಸಿ3ಎ ಅಳೆಯಲು ಬಳಸುವ ಪ್ರತಿಕಾಯ, ಒಡೆಯದ ಸಿ3ಯನ್ನೂ ಹಿಡಿದರೆ ಪರೀಕ್ಷೆ ಕೆಟ್ಟಿತು. ಯಾಕೆಂದರೆ ಒಡೆಯದ ಸಿ3 ರಾಶಿ ರಾಶಿ ಇದೆ, ಸಿ3ಎ ಚಿಟಿಕೆಯಷ್ಟು. ಹಾಗಾಗಿ ಪ್ರೋಟೀನ್ ಒಡೆದ ಮೇಲಷ್ಟೇ ಹೊರಗೆ ಕಾಣಿಸುವ ಭಾಗವನ್ನು ಗುರುತಿಸುವ ಪ್ರತಿಕಾಯವೇ ಬೇಕು. ನಮ್ಮೂರಿನ ಡಯಾಗ್ನಾಸ್ಟಿಕ್ ಸೆಂಟರಿನಲ್ಲಿ ಲೂಪಸ್‌ಗೋ ಕಿಡ್ನಿ ತೊಂದರೆಗೋ ಬರೆದುಕೊಡುವ ಸಿ3, ಸಿ4 ಪರೀಕ್ಷೆ ಇದಲ್ಲ. ಅದು ಒಟ್ಟು ಪ್ರೋಟೀನ್ ಎಷ್ಟಿದೆ ಅಂತ ಹೇಳುತ್ತದೆ. ಒಡೆದದ್ದೆಷ್ಟು, ಇಡಿಯಾಗಿರುವುದೆಷ್ಟು ಅಂತ ಬಿಡಿಸಿ ಹೇಳುವುದಿಲ್ಲ.

ಇದಕ್ಕಿಂತ ಜಾಸ್ತಿ ಕೆಲಸ ಕೆಡುವುದು ಸಿರಿಂಜಿನಿಂದ ಫ್ರೀಜರಿನವರೆಗಿನ ದಾರಿಯಲ್ಲಿ. ಕಾಂಪ್ಲಿಮೆಂಟ್ ಪ್ರಾಣಿಯೊಳಗಷ್ಟೇ ಅಲ್ಲ, ಪ್ಲಾಸ್ಟಿಕ್ ಟ್ಯೂಬಿನೊಳಗೂ ಎಚ್ಚರಗೊಳ್ಳುತ್ತದೆ. ಚೂರು ಅಳೆಯಬೇಕಾದರೆ ಇಡಿಟಿಎ ಟ್ಯೂಬೇ ಬೇಕು, ಸಿಬಿಸಿಗೆ ರಕ್ತ ತೆಗೆಯುವ ಅದೇ ನೇರಳೆ ಮುಚ್ಚಳದ್ದು. ಇಡಿಟಿಎ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ಕಟ್ಟಿಹಾಕಿ ಸರಣಿ ನಿಲ್ಲಿಸುತ್ತದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಆಗದು, ಅದು ತಾನೇ ಕಾಂಪ್ಲಿಮೆಂಟ್ ಜೊತೆ ಕೈಯಾಡಿಸುತ್ತದೆ. ತೆಗೆದ ಕೂಡಲೇ ಐಸ್ ಮೇಲೆ, ಬೇಗ ಸೆಂಟ್ರಿಫ್ಯೂಜ್, ಸಣ್ಣ ಸಣ್ಣ ಪಾಲು ಮಾಡಿ ಮೈನಸ್ 80ರ ಫ್ರೀಜರಿಗೆ. ಒಂದು ಸಲ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿ ಮತ್ತೆ ಕರಗಿಸಿದರೆ ಸಿ3ಎ ಸುಳ್ಳುಸುಳ್ಳೇ ಏರುತ್ತದೆ.

ಆದರೆ ಸಿಎಚ್50ಗೆ ಇಡಿಟಿಎ ರಕ್ತ ನಡೆಯುವುದಿಲ್ಲ. ಕ್ಯಾಲ್ಸಿಯಂ ಇಲ್ಲದೆ ಪರೀಕ್ಷೆಯೇ ಓಡದು. ಅದಕ್ಕೆ ಸೀರಮ್ ಬೇಕು. ಹಾಗಾಗಿ ಒಂದೇ ಪ್ರಾಣಿಯಿಂದ ಎರಡು ಬಗೆಯ ಸ್ಯಾಂಪಲ್. ದೊಡ್ಡ ಪ್ರಾಣಿಯಾದರೆ ಚಿಂತೆಯಿಲ್ಲ. 25 ಗ್ರಾಂ ತೂಕದ ಪುಟ್ಟ ಇಲಿ ಮೌಸ್‌ನ ಮೈಯಲ್ಲಿರುವ ರಕ್ತವೇ ಒಟ್ಟು 2 ಮಿಲಿಲೀಟರಿನ ಒಳಗೆ. ಅದರಲ್ಲಿ ಎಷ್ಟಂತ ಹಂಚುವುದು? ಒಂದೊಂದು ಹೊತ್ತಿಗೂ ಬೇರೆ ಬೇರೆ ಮೌಸ್ ಬಳಸಬೇಕಾಗಿ ಬರುವುದು ಇದಕ್ಕೇ.

ಪ್ರಾಣಿಯೇ ಬೇರೆಯಾದರೆ

ಮೌಸ್ ಅಂದೆ. ಸೆಪ್ಸಿಸ್ ಸಂಶೋಧನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಪ್ರಾಣಿ ಅದು. ವಿಪರ್ಯಾಸ ನೋಡಿ, ಸಿಎಚ್50ಗೆ ಅದರ ಸೀರಮ್ಮೇ ಎಲ್ಲಕ್ಕಿಂತ ಕೈಕೊಡುವುದು. ಮಾಮೂಲಿ ವಿಧಾನದಲ್ಲಿ ಕುರಿಯ ಕಣಗಳನ್ನು ಅದು ಸರಿಯಾಗಿ ಒಡೆಯುವುದೇ ಇಲ್ಲ. ಗಿನಿಪಿಗ್ ಸೀರಮ್ ಇದೇ ಕೆಲಸದಲ್ಲಿ ಹುಲಿ. ಲ್ಯಾಬುಗಳು ಕಾಂಪ್ಲಿಮೆಂಟ್ ಬೇಕೆಂದಾಗ ಅದನ್ನೇ ಕೊಳ್ಳುತ್ತವೆ. 250-300 ಗ್ರಾಂನ ದೊಡ್ಡ ಇಲಿ ರ್ಯಾಟ್ ಕೂಡ ಪರವಾಗಿಲ್ಲ.

ಮೌಸ್‌ಗಳಲ್ಲೇ ತಳಿಯಿಂದ ತಳಿಗೆ ಅಜಗಜಾಂತರ. ಡಿಬಿಎ/2, ಎ/ಜೆ, ಎಕೆಆರ್ ತಳಿಗಳಲ್ಲಿ ಸಿ5 ಇಲ್ಲವೇ ಇಲ್ಲ, ಅದರ ಜೀನಿನಲ್ಲಿ ಎರಡು ಅಕ್ಷರ ಬಿಟ್ಟುಹೋಗಿವೆ. ಇಂಥ ತಳಿಯಲ್ಲಿ ಸಿ5ಎ ಹುಡುಕುವುದು ನೀರಿಲ್ಲದ ಬಾವಿಗೆ ಕೊಡ ಇಳಿಸಿದ ಹಾಗೆಯೇ ಸರಿ. ಗಂಡು ಹೆಣ್ಣಿನ ವ್ಯತ್ಯಾಸವೂ ಇದೆ. ಹೆಣ್ಣು ಮೌಸ್‌ಗಳಲ್ಲಿ ಕೊನೆಯ ಹಂತದ ಚಟುವಟಿಕೆ ಗಂಡಿಗಿಂತ ಕಡಿಮೆ. ಒಂದು ಗುಂಪಿನಲ್ಲಿ ಗಂಡು, ಇನ್ನೊಂದರಲ್ಲಿ ಹೆಣ್ಣು ಜಾಸ್ತಿಯಾದರೆ ಔಷಧಿಯೇ ಕೆಲಸ ಮಾಡಿದಂತೆ ಕಂಡೀತು.

ಮನುಷ್ಯರಿಗಾಗಿ ಮಾಡಿದ ಕಿಟ್ ಮತ್ತು ಔಷಧಿ ಬೇರೆ ಪ್ರಾಣಿಯಲ್ಲಿ ನಡೆಯುತ್ತವೆ ಅನ್ನುವ ಖಾತ್ರಿಯೂ ಇಲ್ಲ. ಸಿ5 ತಡೆಯುವ ಎಕುಲಿಜುಮ್ಯಾಬ್ 2007ರಿಂದ ಬಳಕೆಯಲ್ಲಿದೆ, ಆದರೆ ಮೌಸ್‌ನ ಸಿ5ಗೆ ಅದು ಅಂಟುವುದಿಲ್ಲ. ಸಿ3 ತಡೆಯುವ ಕಾಂಪ್‌ಸ್ಟ್ಯಾಟಿನ್ ಮನುಷ್ಯ ಮತ್ತು ಮಂಗಗಳ ಸಿ3 ಮೇಲೆ ಮಾತ್ರ ಕೆಲಸ ಮಾಡುತ್ತದೆ. 1996ರಲ್ಲಿ ಅದನ್ನು ವರದಿ ಮಾಡಿದ ಪ್ರಬಂಧದ ಮೊದಲ ಲೇಖಕ ಅರವಿಂದ್ ಸಾಹು ಮುಂದೆ ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಕಾಂಪ್ಲಿಮೆಂಟ್ ಸಂಶೋಧನೆ ಮುಂದುವರಿಸಿದರು. ಬೇರೆ ಪ್ರಾಣಿಗಳಲ್ಲಿ ಕೆಲಸ ಮಾಡದ ಕಾರಣಕ್ಕೇ ಕಾಂಪ್‌ಸ್ಟ್ಯಾಟಿನನ್ನು ಸೆಪ್ಸಿಸ್‌ನಲ್ಲಿ ಪರೀಕ್ಷಿಸಲು ಬಬೂನ್‌ಗಳೇ ಬೇಕಾದವು. ಓಸ್ಲೋದ ಸಂಶೋಧಕರು ಹಂದಿಗಳನ್ನು ಆರಿಸಿಕೊಂಡರು. ಮನುಷ್ಯರ ಸಿ5ಬಿ-9 ಗುರುತಿಸುವ ಎಇ11 ಎಂಬ ಪ್ರತಿಕಾಯ ಹಂದಿಯಲ್ಲೂ ನಡೆಯುತ್ತದೆ. ಸಿ5 ತಡೆಯಲು ಅವರು ಬಳಸಿದ್ದು ಆಫ್ರಿಕಾದ ಒಂದು ಉಣ್ಣೆ ಹುಳುವಿನ (ಟಿಕ್) ಜೊಲ್ಲಿನಲ್ಲಿ ಸಿಕ್ಕ ಪ್ರೋಟೀನ್, ಕೋವರ್ಸಿನ್. ಸಿಕ್ಕ ಸಿಕ್ಕ ಪ್ರಾಣಿಯ ರಕ್ತ ಹೀರಬೇಕಾದ ಉಣ್ಣೆಗೆ ಎಲ್ಲರ ಸಿ5 ಮೇಲೂ ಕೆಲಸ ಮಾಡುವ ಮದ್ದೇ ಬೇಕಲ್ಲ!

ಸೂಜಿ ಚುಚ್ಚಿದ ಕರುಳು ಮತ್ತು ಸಿ3 ಇಲ್ಲದ ಇಲಿ

ಸೆಪ್ಸಿಸ್ ಬರಿಸುವ ವಿಧಾನವೂ ಅಳತೆಯನ್ನು ಬದಲಿಸುತ್ತದೆ. 1980ರಿಂದ ಹೆಚ್ಚು ಬಳಕೆಯಲ್ಲಿರುವುದು ಸಿಎಲ್‌ಪಿ. ಪ್ರಾಣಿಗೆ ಅರಿವಳಿಕೆ ಕೊಟ್ಟು, ದೊಡ್ಡ ಕರುಳಿನ ಶುರುವಿನಲ್ಲಿರುವ ಚೀಲವನ್ನು ದಾರದಿಂದ ಬಿಗಿದು, ಸೂಜಿಯಿಂದ ಚುಚ್ಚುತ್ತಾರೆ. ಮಲ ಹೊಟ್ಟೆಯೊಳಗೆ ಸೋರಿ, ಅಪೆಂಡಿಕ್ಸ್ ಒಡೆದವರಿಗೆ ಆಗುವಂಥದ್ದೇ ಸೋಂಕು ನಿಧಾನಕ್ಕೆ ಹರಡುತ್ತದೆ. ಎಷ್ಟು ಉದ್ದ ಬಿಗಿದರು, ಸೂಜಿ ಎಷ್ಟು ದಪ್ಪ ಅನ್ನುವುದರ ಮೇಲೆ ತೀವ್ರತೆ ನಿಂತಿದೆ. ಬ್ಯಾಕ್ಟೀರಿಯಾದ ವಿಷವನ್ನು ಒಂದೇ ಸಲ ರಕ್ತಕ್ಕೆ ಕೊಡುವ ಮಾದರಿಯಲ್ಲಿ ಎಲ್ಲವೂ ಬೇಗ ಏರಿ ಬೇಗ ಇಳಿಯುತ್ತದೆ. ಎರಡರಲ್ಲೂ 6 ಗಂಟೆಗೆ ತೆಗೆದ ರಕ್ತ ಒಂದೇ ಮಾತು ಹೇಳುವುದಿಲ್ಲ. ನಮ್ಮ ದೇಶದಲ್ಲಿ ಇಂಥ ಪ್ರಯೋಗಕ್ಕೆ ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯ, ನೋವು ತಗ್ಗಿಸುವುದಕ್ಕೂ ನಿಯಮಗಳಿವೆ. ಕೊಟ್ಟ ನೋವಿನ ಔಷಧಿಯೂ ರೋಗನಿರೋಧಕ ವ್ಯವಸ್ಥೆಯನ್ನು ಮುಟ್ಟಬಹುದು. ಹಾಗಾಗಿ ಹೋಲಿಕೆಯ ಗುಂಪಿಗೂ ಅದೇ ಔಷಧಿ, ಅದೇ ಪ್ರಮಾಣ.

ಈ ಮಾದರಿಯಿಂದ ಬಂದ ಒಂದು ದೊಡ್ಡ ಸುದ್ದಿ 1999ರದ್ದು. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಪೀಟರ್ ವಾರ್ಡ್ ತಂಡ ಸಿಎಲ್‌ಪಿ ಮಾಡಿದ ರ್ಯಾಟ್‌ಗಳಿಗೆ ಸಿ5ಎ ತಡೆಯುವ ಪ್ರತಿಕಾಯ ಕೊಟ್ಟಿತು. ಬದುಕಿ ಉಳಿದವುಗಳ ಸಂಖ್ಯೆ ಹೆಚ್ಚಿತು. ಸಿ5ಎ ವಿಪರೀತವಾದಾಗ ನ್ಯೂಟ್ರೋಫಿಲ್‌ಗಳು ಮರಗಟ್ಟಿ, ಬ್ಯಾಕ್ಟೀರಿಯಾ ಕೊಲ್ಲುವ ಶಕ್ತಿ ಕಳೆದುಕೊಳ್ಳುತ್ತವೆ ಅನ್ನುವುದು ಅದರಿಂದ ತಿಳಿಯಿತು. ಹಾಗಂತ ಇಡೀ ಕಾಂಪ್ಲಿಮೆಂಟನ್ನೇ ಬಂದ್ ಮಾಡಿದರೆ? ಸಿ3 ಇಲ್ಲದ ಮೌಸ್‌ಗಳು ಸಿಎಲ್‌ಪಿಯಲ್ಲಿ ಬೇಗ ಸಾಯುತ್ತವೆ, ಅವುಗಳ ರಕ್ತದಲ್ಲಿ ಬ್ಯಾಕ್ಟೀರಿಯಾ ತುಂಬಿಕೊಳ್ಳುತ್ತದೆ. ಎಲ್ಲಿ ತಡೆಯಬೇಕು ಅನ್ನುವುದೇ ಇಲ್ಲಿನ ಕುಶಲ.

ಎರಡೂ ಬಗೆಯ ಅಳತೆ ಯಾಕೆ ಬೇಕು ಅನ್ನುವುದಕ್ಕೆ ನನಗೆ ಎಲ್ಲಕ್ಕಿಂತ ಇಷ್ಟದ ಉದಾಹರಣೆ 2006ರ ಪ್ರಯೋಗ. ಅದೇ ಬಳಗದ ಮಾರ್ಕುಸ್ ಹ್ಯೂಬರ್-ಲಾಂಗ್ ಮತ್ತು ಸಂಗಡಿಗರು ಸಿ3 ಇಲ್ಲದ ಮೌಸ್‌ಗಳ ಶ್ವಾಸಕೋಶದಲ್ಲಿ ಗಾಯ ಮಾಡಿದರು. ಪುಸ್ತಕದ ಪ್ರಕಾರ ಸಿ3 ಇಲ್ಲದೆ ಸಿ5 ಒಡೆಯಬಾರದು. ಆದರೆ ಅವುಗಳ ಶ್ವಾಸಕೋಶದಲ್ಲಿ ಸಿ5ಎ ಧಾರಾಳವಾಗಿ ಸಿಕ್ಕಿತು, ಗಾಯವೂ ಆಯಿತು. ಸಿ5 ಒಡೆದದ್ದು ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್. ಬರೀ ಸಿಎಚ್50 ನಂಬಿ ಕೂತಿದ್ದರೆ, ಈ ಪ್ರಾಣಿಯಲ್ಲಿ ಕಾಂಪ್ಲಿಮೆಂಟೇ ಇಲ್ಲ ಅಂತ ಬರೆದು ಕಡತ ಮುಚ್ಚುತ್ತಿದ್ದರು. ಗಾಯ ಮತ್ತು ಸೆಪ್ಸಿಸ್ ಎರಡರಲ್ಲೂ ಥ್ರಾಂಬಿನ್ ಉಕ್ಕುವುದರಿಂದ ಇದು ಇಲಿಗಳ ಚೋದ್ಯವಷ್ಟೇ ಅಲ್ಲ. ಸೀರಮ್ ಮಾಡಲು ರಕ್ತ ಹೆಪ್ಪುಗಟ್ಟಿಸುವಾಗ ಟ್ಯೂಬಿನಲ್ಲೂ ಥ್ರಾಂಬಿನ್ ಹುಟ್ಟುತ್ತದೆ ಅನ್ನುವುದನ್ನೂ ಇದು ನೆನಪಿಸಿತು. ಸಿ5ಎಯನ್ನು ಸೀರಮ್‌ನಲ್ಲಿ ಅಳೆಯಬಾರದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇ?

ಸಿ5ಎ ತಡೆಯುವ ಈ ದಾರಿ ಕೊನೆಗೆ ಮನುಷ್ಯರವರೆಗೂ ಬಂತು. ವಿಲೊಬೆಲಿಮ್ಯಾಬ್ ಎಂಬ ಪ್ರತಿಕಾಯಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಏಪ್ರಿಲ್‌ನಲ್ಲಿ ತುರ್ತು ಬಳಕೆಯ ಅನುಮತಿ ಕೊಟ್ಟಿತು. ಆದರೆ ಸೆಪ್ಸಿಸ್‌ಗಲ್ಲ, ವೆಂಟಿಲೇಟರ್ ಅಥವಾ ಎಕ್ಮೋ (ದೇಹದ ಹೊರಗೆ ರಕ್ತಕ್ಕೆ ಆಮ್ಲಜನಕ ಸೇರಿಸುವ ಯಂತ್ರ) ಮಟ್ಟಕ್ಕೆ ಹೋದ ಕೋವಿಡ್ ರೋಗಿಗಳಿಗೆ. ಸೆಪ್ಸಿಸ್ ರೋಗಿಗೆ ಇಂಥ ಔಷಧಿ ಕೊಡಬೇಕಾದರೆ ಆ ಹೊತ್ತಿಗೆ ಅವರ ರಕ್ತದಲ್ಲಿ ಸಿ5ಎ ಏರಿದೆಯೋ ಇಲ್ಲವೋ ಗೊತ್ತಿರಬೇಕು. ಅದಕ್ಕೆ ಐಸಿಯುನಲ್ಲಿ ರಾತ್ರಿ ಎರಡು ಗಂಟೆಗೂ ಇಡಿಟಿಎ ಟ್ಯೂಬಿನಲ್ಲಿ ರಕ್ತ ತೆಗೆದು, ಐಸ್‌ನಲ್ಲಿಟ್ಟು, ಕೂಡಲೇ ತಿರುಗಿಸಿ, ಬೆಳಗಾಗುವುದರೊಳಗೆ ರಿಪೋರ್ಟ್ ಕೊಡುವ ಏರ್ಪಾಡು ಬೇಕು. ಸಿಬಿಸಿ, ಲ್ಯಾಕ್ಟೇಟ್‌ಗಳ ಹಾಗೆ ಕೇಳಿದ ಕೂಡಲೇ ಸಿಗುವ ಪರೀಕ್ಷೆಗಳ ಪಟ್ಟಿಗೆ ಸಿ5ಎ ಇನ್ನೂ ಸೇರಿಲ್ಲ.